ಕೆಂಗೇರಿ ಹುಡುಗಿ ‘ರಾಜಾಜಿನಗರ’ ಅಂತ ಯಾಕೆ ಹೇಳಿದಳು? – ನಗರದ ಹೆಣ್ಣುಮಕ್ಕಳ ಹಗುರ ಕಥೆಗಳನ್ನು ಓದುವ ಬಗೆ

ಈ ಸಲದ ಪಾಠವನ್ನು ನಾವು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕು.

ಕಳೆದ ವರ್ಷ ನಮ್ಮ ಸಂಘದ ಪತ್ರಿಕೆಗೆ ಒಬ್ಬ ಜೂನಿಯರ್ ಒಂದು ಕಥೆ ಕೊಟ್ಟಿದ್ದರು. ಕಥೆ ಇಷ್ಟೇ. ಕೆಂಗೇರಿ ಉಪನಗರದ ಹುಡುಗಿ. ಹೊಸದಾಗಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ, ಆಫೀಸು ವೈಟ್‌ಫೀಲ್ಡಿನಲ್ಲಿ. ಮೊದಲ ದಿನ ಯಾರೋ ‘ಎಲ್ಲಿಂದ ಬರ್ತೀರಾ?’ ಅಂತ ಕೇಳುತ್ತಾರೆ. ಇವಳ ಬಾಯಿಂದ ‘ರಾಜಾಜಿನಗರ’ ಅಂತ ಬಂದುಬಿಡುತ್ತದೆ. ಅಲ್ಲಿಂದ ಶುರು ಫಜೀತಿ. ಒಂದು ಸಂಜೆ ಅವಳಿಗೆ ಇಷ್ಟವಾದ ಸಹೋದ್ಯೋಗಿ, ‘ನಾನೂ ಆ ಕಡೆನೇ ಹೋಗ್ತಿದ್ದೀನಿ, ಡ್ರಾಪ್ ಕೊಡ್ತೀನಿ’ ಅನ್ನುತ್ತಾನೆ. ಬೇಡ ಅನ್ನೋಕೆ ಮನಸ್ಸಿಲ್ಲ, ಹೂಂ ಅನ್ನೋಕೆ ಧೈರ್ಯವಿಲ್ಲ. ಕೊನೆಗೆ ನವರಂಗ್ ಸರ್ಕಲ್‌ನಲ್ಲಿ ಇಳಿದು, ಯಾರದೋ ಮನೆಯ ಗೇಟಿನ ಮುಂದೆ ನಿಂತು, ಕಾರು ತಿರುವು ದಾಟುವವರೆಗೂ ಕೈ ಬೀಸುತ್ತಾಳೆ. ಆಮೇಲೆ ಹತ್ತಿರದ ಮೆಟ್ರೋ ಸ್ಟೇಷನ್ನಿಗೆ ನಡೆದು, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ರಾತ್ರಿ ಹತ್ತೂವರೆಗೆ ಕೆಂಗೇರಿ ಸೇರುತ್ತಾಳೆ. ಅಮ್ಮ ‘ಯಾಕೆ ಇಷ್ಟು ಲೇಟು?’ ಅಂದಾಗ ‘ಟ್ರಾಫಿಕ್ಕು’ ಅನ್ನುತ್ತಾಳೆ. ಅದೊಂದೇ ಮಾತು ಆ ಇಡೀ ದಿನದಲ್ಲಿ ಸುಳ್ಳು ಅಂತ ಅವಳಿಗೆ ಅನ್ನಿಸುವುದಿಲ್ಲ. ಕಥೆ ಮುಗಿಯುತ್ತದೆ.

ಓದಿ ನಾವು ಜೋರಾಗಿ ನಕ್ಕೆವು. ಆಮೇಲೆ ತಿರಸ್ಕರಿಸಿದೆವು.

ನಾವು ಕೊಟ್ಟ ಕಾರಣಗಳು ಇನ್ನೂ ನಮ್ಮ ವಾಟ್ಸಾಪ್ ಗುಂಪಿನಲ್ಲಿವೆ. ‘ತುಂಬ ಹಗುರ.’ ‘ಹುಡುಗಿ ಸುಳ್ಳು ಹೇಳ್ತಾಳೆ, ಕೊನೆಗೆ ಬುದ್ಧಿ ಬರಲ್ಲ, ಸಂದೇಶ ಏನು?’ ‘ಕೊನೆಯಲ್ಲಿ ಅವಳು ಸಿಕ್ಕಿಹಾಕಿಕೊಂಡು ಅತ್ತರೆ ಹಾಕಬಹುದು.’ ಅದೇ ಸಂಚಿಕೆಯಲ್ಲಿ ನಾವು ಇನ್ನೊಂದು ಕಥೆ ಹಾಕಿದ್ದೆವು. ಅದರ ನಾಯಕನಿಗೆ ನಾಲ್ಕು ಬ್ಯಾಕ್‌ಲಾಗು. ಅಪ್ಪನಿಗೆ ಸುಳ್ಳು ಹೇಳಿ ಫೀಸಿನ ದುಡ್ಡಲ್ಲಿ ಗೋಕರ್ಣಕ್ಕೆ ಹೋಗುತ್ತಾನೆ, ಕಡಲ ದಂಡೆಯಲ್ಲಿ ಕೂತು ಜೀವನದ ಬಗ್ಗೆ ಯೋಚಿಸುತ್ತಾನೆ. ಅದಕ್ಕೆ ನಾವು ‘ನೈಜ ಚಿತ್ರಣ’ ಎಂದು ಟಿಪ್ಪಣಿ ಬರೆದಿದ್ದೆವು. ಅವನಿಂದ ಸಂದೇಶ ಕೇಳಿದವರು ಒಬ್ಬರೂ ಇಲ್ಲ.

ಆ ಜೂನಿಯರ್ ಅಮೇಲೆ ನಮಗೆ ಏನನ್ನೂ ಬರೆದುಕೊಡಲಿಲ್ಲ. ಸಂಘದ ಸಭೆಗೂ ಬರುವುದು ಬಿಟ್ಟರು.

ಈ ಸೆಮಿಸ್ಟರಿನಲ್ಲಿ ‘ಜನಪ್ರಿಯ ಕಾದಂಬರಿ’ ಎಂಬ ವಿಷಯ ಇಟ್ಟುಕೊಂಡು ನಾವು ಆರು ಶನಿವಾರ ಕೂತು ಓದಿದೆವು. ಪುಸ್ತಕಗಳು ಸಿಕ್ಕಿದ್ದು ಹಂಪಿನಗರದ ಗ್ರಂಥಾಲಯದಲ್ಲಿ, ಮತ್ತೆ ಬಸವೇಶ್ವರನಗರದ ಒಬ್ಬ ಗೆಳೆಯನ ಅಜ್ಜಿಯ ಟ್ರಂಕಿನಲ್ಲಿ. ಓದುತ್ತಾ ಹೋದ ಹಾಗೆ ಆ ಕೆಂಗೇರಿ ಹುಡುಗಿ ಮತ್ತೆ ಮತ್ತೆ ನೆನಪಾದಳು. ಈ ಪಾಠ ಆ ಓದಿನ ಫಲ.

1. ಈ ಬಗೆಯ ಕಥೆ ಅಂದರೆ ಏನು?

ಇಂಗ್ಲಿಷಿನಲ್ಲಿ ಇದಕ್ಕೆ ‘ಚಿಕ್ ಲಿಟ್’ ಎಂಬ ಹೆಸರಿದೆ. ‘ಚಿಕ್’ ಅಂದರೆ ಕೋಳಿಮರಿ. ಹುಡುಗಿಯರನ್ನು ಹಗುರವಾಗಿ ಕರೆಯುವ ಮಾತು. ಹೆಸರಿಡುವಾಗಲೇ ಮೂಗು ಮುರಿದಿದ್ದಾರೆ, ಗಮನಿಸಿ.

ಇದರ ದೊಡ್ಡ ಉದಾಹರಣೆ ಹೆಲೆನ್ ಫೀಲ್ಡಿಂಗ್ ಅವರ ‘ಬ್ರಿಜೆಟ್ ಜೋನ್ಸಸ್ ಡೈರಿ’. ಮೊದಲು ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಂಕಣವಾಗಿ ಬಂದು, 1996ರಲ್ಲಿ ಕಾದಂಬರಿಯಾಯಿತು, 2001ರಲ್ಲಿ ಸಿನಿಮಾ. ಬ್ರಿಜೆಟ್ ಮೂವತ್ತು ದಾಟಿದ ಒಂಟಿ ಹೆಣ್ಣು. ಪ್ರತಿದಿನ ಡೈರಿಯ ತಲೆಯಲ್ಲಿ ತನ್ನ ತೂಕ ಎಷ್ಟು, ಎಷ್ಟು ಸಿಗರೇಟು ಸೇದಿದೆ, ಎಷ್ಟು ಕುಡಿದೆ ಅಂತ ಲೆಕ್ಕ ಬರೆಯುತ್ತಾಳೆ. ನಾಳೆಯಿಂದ ಎಲ್ಲ ಬಿಡುತ್ತೇನೆ ಅನ್ನುತ್ತಾಳೆ, ಬಿಡುವುದಿಲ್ಲ. ಅವಳು ಮೆಚ್ಚುವ ವಕೀಲನ ಹೆಸರು ಮಾರ್ಕ್ ಡಾರ್ಸಿ. ಆ ಹೆಸರು ಬಂದದ್ದು ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರಿಜುಡಿಸ್’ನಿಂದ. ಅಂದರೆ ಈ ಬಗೆಯ ಕಥೆಗೆ ಇನ್ನೂರು ವರ್ಷದ ಹಿರಿಯಜ್ಜಿ ಒಬ್ಬರಿದ್ದಾರೆ. ಆ ಅಜ್ಜಿಯನ್ನು ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ, ಮೊಮ್ಮಗಳನ್ನು ರೈಲ್ವೆ ಸ್ಟೇಷನ್ನಿನಲ್ಲಿ ಮಾರುತ್ತಾರೆ.

ನಮ್ಮ ದೇಶದ ಇಂಗ್ಲಿಷಿನಲ್ಲೂ ಇದು ಬಂತು. ಅದ್ವೈತ ಕಾಲಾ ಅವರ ‘ಆಲ್ಮೋಸ್ಟ್ ಸಿಂಗಲ್’ (2007) ಕಾದಂಬರಿಯ ಆಯಿಷಾಗೆ ಇಪ್ಪತ್ತೊಂಬತ್ತು ವರ್ಷ, ದೊಡ್ಡ ಹೋಟೆಲಿನಲ್ಲಿ ಕೆಲಸ, ಮದುವೆಯಾಗಿಲ್ಲ. ಅನುಜಾ ಚೌಹಾಣ್ ಅವರ ‘ದ ಜೋಯಾ ಫ್ಯಾಕ್ಟರ್’ (2008) ನಾಯಕಿ ಜಾಹೀರಾತು ಕಂಪನಿಯವಳು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಾಲ್ಕು ಲಕ್ಷಣ ಸಿಗುತ್ತವೆ. ನಾಯಕಿ ನಗರದವಳು, ದುಡಿಯುವವಳು. ಅವಳಿಗೆ ಎರಡು ಬೇಕು – ಪ್ರೀತಿಯೂ ಬೇಕು, ನಾಲ್ಕು ಜನರ ನಡುವೆ ಒಂದು ಸ್ಥಾನವೂ ಬೇಕು. ಅವಳಲ್ಲಿ ದೋಷವಿದೆ, ಸುಳ್ಳು, ದುಂದು, ಹೊಟ್ಟೆಕಿಚ್ಚು, ಜಂಬ, ಏನೋ ಒಂದು. ಕೊನೆಯದಾಗಿ, ಆ ದೋಷವನ್ನು ಅವಳೇ ನಗುತ್ತಾ ನಮಗೆ ಹೇಳುತ್ತಾಳೆ.

ಈ ನಾಲ್ಕನೆಯದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

2. ಕನ್ನಡದಲ್ಲಿ ಇದರ ದಾರಿ

‘ಕನ್ನಡದಲ್ಲಿ ಚಿಕ್ ಲಿಟ್ ಇಲ್ಲ ಬಿಡಿ’ ಅಂತ ನಮ್ಮಲ್ಲೇ ಒಬ್ಬರು ಮೊದಲ ಶನಿವಾರ ಹೇಳಿದರು. ಆ ಹೆಸರಿನಲ್ಲಿ ಇಲ್ಲ, ನಿಜ. ಆದರೆ ಪ್ರೀತಿ ಮತ್ತು ಸ್ಥಾನಮಾನದ ನಡುವೆ ಸಿಕ್ಕ ಹೆಣ್ಣಿನ ಕಥೆ ಕನ್ನಡಕ್ಕೆ ಹೊಸದಲ್ಲ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಅದರ ನಡುವೆ ಇರುವವಳು ಒಬ್ಬ ಎಳೆಯ ವಿಧವೆ; ಅವಳು ಓದುತ್ತಾಳೆ, ಮರುಮದುವೆಯಾಗುತ್ತಾಳೆ. 1913ರಲ್ಲಿ ನಂಜನಗೂಡಿನ ತಿರುಮಲಾಂಬ ‘ಸುಶೀಲೆ’ ಬರೆದರು. ಸ್ವತಃ ಬಾಲವಿಧವೆಯಾಗಿದ್ದ ತಿರುಮಲಾಂಬ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ ತಂದರು. ಹೆಣ್ಣುಮಕ್ಕಳಿಗಾಗಿ ಹೆಣ್ಣುಮಗಳೇ ಬರೆದು ಹಂಚಿದ ಕಾಲ ಅದು. ಆದರೆ ಸುಶೀಲೆಯ ಹೆಸರೇ ಹೇಳುವಂತೆ ನಾಯಕಿ ಆದರ್ಶದ ಬೊಂಬೆ. ಅವಳು ತಪ್ಪು ಮಾಡುವ ಹಾಗಿಲ್ಲ.

ಆಮೇಲೆ ವಾರಪತ್ರಿಕೆಗಳ ಕಾಲ. 1965ರಲ್ಲಿ ‘ಸುಧಾ’ ಶುರುವಾಯಿತು. ಧಾರಾವಾಹಿ ಕಾದಂಬರಿ ಅಂದರೆ ವಾರವಾರ ಕಾಯುವುದು. ಒಂದೇ ಪ್ರತಿ ಮನೆಯಿಂದ ಮನೆಗೆ ಸುತ್ತುತ್ತಿತ್ತು. ಟ್ರಂಕಿನ ಅಜ್ಜಿ ನಮಗೆ ಹೇಳಿದ ಪ್ರಕಾರ, ‘ನಮ್ಮ ಬೀದೀಲಿ ಓದೋ ಸರದಿ ಇತ್ತು ಕಣ್ರಪ್ಪಾ, ನಂದು ಐದನೇ ನಂಬರು. ನಾಲ್ಕನೇ ಮನೆಯೋಳು ಕಥೆ ಹೇಳಿಬಿಡ್ತಾಳೆ ಅಂತ ಕಿವಿ ಮುಚ್ಕೊಂಡು ಹೋಗ್ತಿದ್ದೆ.’ ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳೂ ಬಡಾವಣೆಗೊಂದು ಇದ್ದವು.

ಆ ಓದುಗರಿಗಾಗಿ ಬರೆದವರ ಪಟ್ಟಿ ದೊಡ್ಡದು. ತ್ರಿವೇಣಿ (1928–1963) ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಬದುಕಿದ್ದು ಮೂವತ್ತನಾಲ್ಕೇ ವರ್ಷ, ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ಅನುಪಮಾ ನಿರಂಜನ ವೈದ್ಯೆ. ವಾಣಿ ಅವರ ‘ಎರಡು ಕನಸು’ 1974ರಲ್ಲಿ, ‘ಶುಭಮಂಗಳ’ 1975ರಲ್ಲಿ, ‘ಹೊಸಬೆಳಕು’ 1982ರಲ್ಲಿ ಸಿನಿಮಾ ಆದವು. ಉಷಾ ನವರತ್ನರಾಮ್ ಅವರ ‘ಹೊಂಬಿಸಿಲು’ (1978), ‘ಬಂಧನ’ (1984) ನಮ್ಮ ಅಪ್ಪ ಅಮ್ಮಂದಿರಿಗೆ ಬಾಯಿಪಾಠ. ಸಾಯಿಸುತೆ ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಕನ್ನಡ ಸಿನಿಮಾಗಳ ಒಂದು ದೊಡ್ಡ ಕಾಲಘಟ್ಟ ಈ ಹೆಂಗಸರ ಕಥೆಗಳ ಮೇಲೆ ನಿಂತಿತ್ತು ಅಂದರೆ ಉತ್ಪ್ರೇಕ್ಷೆ ಅಲ್ಲ.

ಇದಕ್ಕೆಲ್ಲ ಸಿಕ್ಕ ಬಿರುದು? ‘ಅಡುಗೆಮನೆ ಸಾಹಿತ್ಯ’. ಇಂಗ್ಲಿಷಿನವರು ಕೋಳಿಮರಿ ಅಂದರು, ನಾವು ಅಡುಗೆಮನೆ ಅಂದೆವು. ಭಾಷೆ ಬೇರೆ, ಮೂಗು ಮುರಿಯುವ ರೀತಿ ಒಂದೇ. ಕಳೆದ ವರ್ಷ ನಾವು ‘ತುಂಬ ಹಗುರ’ ಅಂದೆವಲ್ಲ, ಅದೂ ಇದೇ ಸಾಲಿನದು.

3. ಮೂರು ಕಥೆ, ಮೂರು ದೋಷ

ಈಗ ಹತ್ತಿರದಿಂದ ನೋಡೋಣ. ಪ್ರಶ್ನೆ ಒಂದೇ: ಕಥೆಯಲ್ಲಿ ಸ್ಥಾನಮಾನದ ಆಸೆ ಯಾರಿಗಿದೆ, ದೋಷ ಯಾರದು, ಅದಕ್ಕೆ ಬೆಲೆ ಕಟ್ಟುವವರು ಯಾರು?

ಮೊದಲನೆಯದು ತ್ರಿವೇಣಿಯವರ ‘ಬೆಳ್ಳಿಮೋಡ’. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು, ಕಲ್ಪನಾ ನಾಯಕಿ. ಇಂದಿರಾ ತೋಟದ ಸಾಹುಕಾರರ ಒಬ್ಬಳೇ ಮಗಳು. ಮೋಹನ ಬಡವ, ಬುದ್ಧಿವಂತ. ಅವಳೊಂದಿಗೆ ಮದುವೆ ಗೊತ್ತಾಗುತ್ತದೆ, ಮಾವನ ದುಡ್ಡಿನಲ್ಲಿ ಹೊರದೇಶಕ್ಕೆ ಓದಲು ಹೋಗುತ್ತಾನೆ. ಅವನು ಅಲ್ಲಿರುವಾಗ ಇಂದಿರಾಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಬೇರೆ ವಾರಸುದಾರ ಬಂದ ಮೇಲೆ ಮೋಹನನಿಗೆ ಮದುವೆ ಬೇಡವಾಗುತ್ತದೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ. ಇವಳು ಒಲ್ಲೆ ಅನ್ನುತ್ತಾಳೆ.

ನಾವು ಇದನ್ನು ಓದುವಾಗ ಒಂದು ವಿಷಯ ಥಟ್ಟನೆ ಹೊಳೆಯಿತು. ‘ಈಗಿನ ಹುಡುಗೀರಿಗೆ ಪ್ಯಾಕೇಜ್ ಮುಖ್ಯ, ಸ್ವಂತ ಮನೆ ಮುಖ್ಯ’ ಅಂತ ನಮ್ಮ ಕ್ಯಾಂಟೀನಿನಲ್ಲಿ ಎಷ್ಟು ಜೋಕು ನಡೆಯುತ್ತದೆ! ಐವತ್ತು ಅರವತ್ತು ವರ್ಷದ ಹಿಂದಿನ ಈ ಕಥೆಯಲ್ಲಿ ಪ್ಯಾಕೇಜ್ ಲೆಕ್ಕ ಹಾಕಿದವನು ಹುಡುಗ. ಎಕರೆ ಲೆಕ್ಕ, ವಾರಸುದಾರರ ಲೆಕ್ಕ. ತ್ರಿವೇಣಿ ಅವನನ್ನು ರಾಕ್ಷಸನನ್ನಾಗಿಯೂ ಮಾಡಿಲ್ಲ. ಬಡತನದಿಂದ ಮೇಲೆ ಬರಬೇಕೆಂಬ ಹುಡುಗನ ಲೆಕ್ಕಾಚಾರ ಅದು, ನಮಗೆಲ್ಲ ಅರ್ಥವಾಗುವಂಥದ್ದು. ಆದರೆ ಇಂದಿರಾಳಿಗೆ ದೋಷವೇ ಇಲ್ಲ. ಅವಳಿಗೆ ಕೊಟ್ಟಿರುವುದು ಒಂದು ನಿರಾಕರಣೆ, ಅದೂ ತುಂಬ ದೊಡ್ಡ ನಿರಾಕರಣೆ. ಅವಳು ನಗುವುದಕ್ಕೆ ಮಾತ್ರ ಕಥೆಯಲ್ಲಿ ಜಾಗವಿಲ್ಲ.

ಎರಡನೆಯದು ತ್ರಿವೇಣಿಯವರದ್ದೇ ‘ಶರಪಂಜರ’. 1971ರಲ್ಲಿ ಸಿನಿಮಾ, ಮತ್ತೆ ಪುಟ್ಟಣ್ಣ, ಮತ್ತೆ ಕಲ್ಪನಾ. ಕಾವೇರಿ ಮೆಚ್ಚಿದವನನ್ನೇ ಮದುವೆಯಾಗುತ್ತಾಳೆ. ಎರಡನೇ ಬಾಣಂತನದ ನಂತರ ಅವಳ ಮನಸ್ಸು ಕದಡುತ್ತದೆ. ಹಳೆಯದೊಂದು ತಪ್ಪಿನ ಭಾರ ಒಳಗಿನಿಂದ ಹೊರಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡನಾಗಲಿ, ನೆರೆಹೊರೆಯಾಗಲಿ ಅವಳು ಗುಣವಾಗಿದ್ದಾಳೆ ಎಂದು ನಂಬುವುದೇ ಇಲ್ಲ. ಮತ್ತೆ ಅವಳು ಮುರಿಯುತ್ತಾಳೆ. ಇಲ್ಲಿ ನಾಯಕಿಗೆ ಹಿಂದೊಂದು ತಪ್ಪಿದೆ. ಗಂಡನೂ ತಪ್ಪು ಮಾಡುತ್ತಾನೆ, ಇನ್ನೊಬ್ಬಳ ಸಹವಾಸಕ್ಕೆ ಬೀಳುತ್ತಾನೆ. ಅವನಿಗೆ ಅದು ಒಂದು ಸಂಜೆಯ ಸಂಗತಿ. ಅವಳಿಗೆ ಅವಳ ತಪ್ಪು ಕಾಯಿಲೆಯಾಗುತ್ತದೆ, ಪಂಜರವಾಗುತ್ತದೆ. ತ್ರಿವೇಣಿ ತೋರಿಸಿದ್ದು ಇದನ್ನೇ: ಒಂದೇ ತಕ್ಕಡಿಯಲ್ಲಿ ಎರಡು ತೂಕದ ಕಲ್ಲು.

ಇಲ್ಲಿ ನಮ್ಮ ಸಂಘದವರು ಸ್ವಲ್ಪ ಹೊತ್ತು ಸುಮ್ಮನಾದರು. ಗೋಕರ್ಣದ ಹುಡುಗ ಮತ್ತು ಕೆಂಗೇರಿಯ ಹುಡುಗಿ ಇಬ್ಬರೂ ನೆನಪಾಗಿದ್ದರು.

ಮೂರನೆಯದು ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’. ಹೆಸರು ಕೇಳಿಲ್ಲ ಅನ್ನಿಸಬಹುದು, ಆದರೆ ಕಥೆ ನಿಮಗೆ ಗೊತ್ತು. 1986ರಲ್ಲಿ ಇದು ‘ಅನುರಾಗ ಅರಳಿತು’ ಆಯಿತು. ರಾಜ್‌ಕುಮಾರ್, ಮಾಧವಿ, ಗೀತಾ. 1992ರಲ್ಲಿ ತೆಲುಗಿನ ‘ಘರಾನಾ ಮೊಗುಡು’, ತಮಿಳಿನ ‘ಮನ್ನನ್’. 1994ರಲ್ಲಿ ಹಿಂದಿಯ ‘ಲಾಡ್ಲಾ’. ಚಿರಂಜೀವಿ, ರಜನೀಕಾಂತ್, ಅನಿಲ್ ಕಪೂರ್ – ಇಷ್ಟು ಜನ ದೊಡ್ಡ ನಟರು ಕುಣಿದದ್ದು ಒಬ್ಬ ಕನ್ನಡ ಲೇಖಕಿಯ ಕಥೆಯ ಮೇಲೆ. ‘ಅಡುಗೆಮನೆ’ ಅಂದವರು ಆ ಒಲೆಯ ಬಿಸಿ ಎಲ್ಲಿಯವರೆಗೆ ಹೋಯಿತು ಅಂತ ನೋಡಬೇಕಿತ್ತು.

ಸಿನಿಮಾದಲ್ಲಿ ನಾಯಕಿ ಆಶಾ ಕಾರ್ಖಾನೆಯ ಒಡತಿ. ದುಡ್ಡಿದೆ, ಬುದ್ಧಿಯಿದೆ, ಎಲ್ಲರಿಗಿಂತ ಮುಂದಿರಬೇಕೆಂಬ ಹಟವಿದೆ. ಕೆಲಸಗಾರ ಶಂಕರ ಅವಳ ಮುಂದೆ ಬಗ್ಗುವುದಿಲ್ಲ. ಅವನನ್ನು ಬಗ್ಗಿಸಬೇಕೆಂದೇ ಮದುವೆಯಾಗುತ್ತಾಳೆ. ಕೊನೆಗೆ ಗರ್ವ ಇಳಿಯುವುದು ಅವಳದ್ದೇ. ಈ ಮೂವರಲ್ಲಿ ನಾವು ಹುಡುಕುತ್ತಿದ್ದ ‘ದೋಷವುಳ್ಳ ಆಧುನಿಕ ನಗರದ ಹೆಣ್ಣು’ ಇವಳೇ. ಸ್ಥಾನ ಬೇಕು ಅಂತ ನೇರವಾಗಿ ಹೇಳುವವಳು. ಆದರೆ ಕಥೆ ಅವಳನ್ನು ಪಳಗಿಸಬೇಕಾದ ಕುದುರೆಯಂತೆ ನೋಡುತ್ತದೆ. ಯಶಸ್ವಿ ಉದ್ಯಮಿ ಗಂಡಸಾಗಿದ್ದರೆ ಅದೇ ಹಟಕ್ಕೆ ‘ಛಲ’ ಎಂಬ ಹೆಸರು ಸಿಗುತ್ತಿತ್ತು. ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಇಂಟರ್ನ್‌ಶಿಪ್ ಮಾಡಿದ ನಮ್ಮ ಮೆಕ್ಯಾನಿಕಲ್ ಗೆಳತಿಯೊಬ್ಬರು ನಗುತ್ತಲೇ ಹೇಳಿದರು: ‘ಶಾಪ್ ಫ್ಲೋರಲ್ಲಿ ಮೆತ್ತಗೆ ಮಾತಾಡಿದ್ರೆ ಯಾರೂ ಕೇಳಲ್ಲ, ಜೋರಾಗಿ ಮಾತಾಡಿದ್ರೆ ಆಶಾ ಅಂತಾರೆ.’

ಹಾಗಾದರೆ ಲೆಕ್ಕ ಹೀಗಾಯಿತು. ಇಂದಿರಾಳಿಗೆ ದೋಷವಿಲ್ಲ. ಕಾವೇರಿಯ ದೋಷ ದುರಂತವಾಗುತ್ತದೆ. ಆಶಾಳ ದೋಷ ಶಿಕ್ಷೆ ಪಡೆಯುತ್ತದೆ. ತಪ್ಪು ಮಾಡಿ, ತಾನೇ ನಕ್ಕು, ಮರುದಿನ ಎದ್ದು ಆಫೀಸಿಗೆ ಹೋಗುವ ಹೆಣ್ಣು ಈ ಮೂವರಲ್ಲಿ ಇಲ್ಲ.

4. ನಗು ಎಲ್ಲಿತ್ತು?

ಇದ್ದಿದ್ದು ಕಾದಂಬರಿಯಲ್ಲಲ್ಲ, ಹಾಸ್ಯಪ್ರಬಂಧದಲ್ಲಿ.

1942ರಲ್ಲಿ ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಬೆಂಗಳೂರಿನಿಂದ ‘ಕೊರವಂಜಿ’ ಎಂಬ ಹಾಸ್ಯ ಮಾಸಿಕ ಶುರು ಮಾಡಿದರು. 1967ರವರೆಗೆ ನಡೆಯಿತು. ಆರ್.ಕೆ. ಲಕ್ಷ್ಮಣ್ ಕೂಡ ಇದಕ್ಕೆ ಚಿತ್ರ ಬರೆದವರು. ಆ ಪತ್ರಿಕೆಯಲ್ಲಿ ಬೆಳೆದ ಲೇಖಕಿ ಟಿ. ಸುನಂದಮ್ಮ (1917–2006). ಗೃಹಿಣಿಯ ಕಣ್ಣಿನಿಂದ ಮಧ್ಯಮವರ್ಗದ ಮನೆಯನ್ನು ನೋಡಿ ನಗಿಸಿದರು. ಅಲ್ಲಿ ಹೆಂಗಸಿನ ಜಂಬ, ನೆರೆಮನೆಯವರ ಜೊತೆ ಪೈಪೋಟಿ, ತೋರಿಕೆ ಎಲ್ಲ ಇದೆ. ಆದರೆ ಯಾರೂ ಅದಕ್ಕಾಗಿ ಹುಚ್ಚಿಯಾಗಬೇಕಿಲ್ಲ, ಕಾಲಿಗೆ ಬೀಳಬೇಕಿಲ್ಲ. ನಕ್ಕು ಮುಂದಕ್ಕೆ ಹೋಗಬಹುದು.

ನಮಗೆ ಅನ್ನಿಸಿದ್ದು ಇದು: ಕನ್ನಡದಲ್ಲಿ ಎರಡು ಹೊಳೆ ಬೇರೆ ಬೇರೆಯಾಗಿ ಹರಿದಿವೆ. ಒಂದು, ಹೆಣ್ಣಿನ ಪ್ರೀತಿ ಮತ್ತು ಸ್ಥಾನದ ಕಾದಂಬರಿ. ಅದರಲ್ಲಿ ಕಣ್ಣೀರು ಹೆಚ್ಚು. ಇನ್ನೊಂದು, ಹೆಂಗಸರ ಹಾಸ್ಯ; ಅದರಲ್ಲಿ ಪ್ರೇಮಕಥೆಯ ಓಟ ಕಡಿಮೆ. ಬ್ರಿಜೆಟ್ ಥರದ ಕಥೆ ಹುಟ್ಟುವುದು ಇವೆರಡೂ ಸೇರುವ ಕಡೆ. ನಮ್ಮ ಜೂನಿಯರ್ ಬರೆದ ನವರಂಗ್ ಸರ್ಕಲ್ಲಿನ ದೃಶ್ಯ ಅಂಥ ಒಂದು ಸಂಗಮದಲ್ಲಿ ನಿಂತಿತ್ತು. ನಾವು ಅಲ್ಲಿ ನಿಂತು, ‘ಕಣ್ಣೀರು ಎಲ್ಲಿ?’ ಅಂತ ಕೇಳಿದೆವು.

5. ಬಡಾವಣೆಯ ಮೆಟ್ಟಿಲು

ಇನ್ನು ಆ ಸುಳ್ಳಿನ ವಿಷಯ. ಕೆಂಗೇರಿ ಅನ್ನೋಕೆ ಏನು ಕಷ್ಟವಿತ್ತು ಅವಳಿಗೆ?

ಪಶ್ಚಿಮ ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ರಾಜಾಜಿನಗರದವರಿಗೆ ಬ್ಲಾಕಿನ ನಂಬರು ಹೇಳುವ ಅಭ್ಯಾಸ. ಬಸವೇಶ್ವರನಗರದವರು ‘ಹಾವನೂರು ಸರ್ಕಲ್ ಹತ್ರ’ ಅನ್ನುತ್ತಾರೆ. ವಿಜಯನಗರದವರು ‘ಮಾರುತಿ ಮಂದಿರದ ಹಿಂದೆ’. ಕೆಂಗೇರಿಯವರು ಮಾತ್ರ ‘ಮೈಸೂರು ರೋಡ್ ಕಡೆ’ ಅಂತ ಸ್ವಲ್ಪ ಮೊಟಕು ಮಾಡುತ್ತಾರೆ. ಮಜಾ ಏನೆಂದರೆ, ಇಡೀ ಪಶ್ಚಿಮ ಬೆಂಗಳೂರೇ ಇಂದಿರಾನಗರ, ಕೋರಮಂಗಲದವರ ಮುಂದೆ ಇದೇ ಮೊಟಕು ಮಾಡುತ್ತದೆ. ಮೆಟ್ಟಿಲಿನ ಮೇಲೆ ನಿಂತ ಪ್ರತಿಯೊಬ್ಬರಿಗೂ ಮೇಲಿನದು ಕಾಣುತ್ತದೆ.

2021ರ ಆಗಸ್ಟಿನಲ್ಲಿ ಕೆಂಗೇರಿಗೆ ಮೆಟ್ರೋ ಬಂತು. 2023ರ ಅಕ್ಟೋಬರಿನಲ್ಲಿ ಅದೇ ನೇರಳೆ ಮಾರ್ಗ ಪೂರ್ತಿಯಾಗಿ, ವೈಟ್‌ಫೀಲ್ಡಿಗೆ ಒಂದೇ ರೈಲಿನಲ್ಲಿ ಹೋಗುವಂತಾಯಿತು. ದೂರ ಕಡಿಮೆಯಾಯಿತು, ಮೆಟ್ಟಿಲು ಹಾಗೇ ಉಳಿಯಿತು. ಆ ಹುಡುಗಿ ರೈಲಿನಲ್ಲಿ ಈ ತುದಿಯಿಂದ ಆ ತುದಿಗೆ ದಿನವೂ ಹೋಗುತ್ತಾಳೆ. ಅವಳ ಸುಳ್ಳು ಹುಟ್ಟಿದ್ದು ಆ ರೈಲಿನೊಳಗೆ. ಇದನ್ನು ನಾವು ‘ಹಗುರ’ ಅಂದೆವು. ಇದು ನಗರ ಯೋಜನೆಯ ಒಂದು ಅಧ್ಯಾಯ ಅಂತ ನಮ್ಮ ಸಿವಿಲ್ ವಿಭಾಗದವರಿಗೂ ಹೊಳೆಯಲಿಲ್ಲ.

ಹುಡುಗರು ಈ ಸುಳ್ಳು ಹೇಳುವುದಿಲ್ಲವೇ? ಹೇಳುತ್ತೇವೆ. ಊರು ಕೇಳಿದರೆ ತಾಲ್ಲೂಕು ಬಿಟ್ಟು ಜಿಲ್ಲೆ ಹೇಳುತ್ತೇವೆ. ಸಿಜಿಪಿಎಯನ್ನು ಮೇಲಕ್ಕೆ ರೌಂಡ್ ಮಾಡುತ್ತೇವೆ. ಅಣ್ಣನ ಬೈಕನ್ನು ನಮ್ಮದು ಅನ್ನುತ್ತೇವೆ. ಆದರೆ ನಮ್ಮ ಸುಳ್ಳು ಬಯಲಾದರೆ ಗೆಳೆಯರು ಒಂದು ವಾರ ಕಾಲೆಳೆಯುತ್ತಾರೆ, ಅಷ್ಟೇ. ಹುಡುಗಿಯ ಸುಳ್ಳು ಬಯಲಾದರೆ ಅವಳ ‘ಗುಣ’ದ ಬಗ್ಗೆ ಮಾತು ಶುರುವಾಗುತ್ತದೆ. ಅದಕ್ಕೇ ಅವಳು ಕಾರು ಮರೆಯಾಗುವವರೆಗೂ ಕೈ ಬೀಸುತ್ತಾ ನಿಂತದ್ದು. ಆ ದೃಶ್ಯದಲ್ಲಿ ನಗುವಿನ ಜೊತೆ ಒಂದು ಭಯವೂ ಇತ್ತು. ನಾವು ನಗುವನ್ನು ಮಾತ್ರ ನೋಡಿದೆವು.

6. ಬರೆಯುವವರಿಗೆ ನಾಲ್ಕು ಸೂಚನೆ

ಓದಿನಿಂದ ನಾವು ಕಲಿತದ್ದನ್ನು ಬರವಣಿಗೆಗೆ ಇಳಿಸೋಣ.

ಒಂದು: ಆಸೆ ಕೈಗೆ ಸಿಗುವಂತಿರಲಿ. ‘ಅವಳಿಗೆ ದೊಡ್ಡ ಕನಸಿತ್ತು’ ಅಂದರೆ ಏನೂ ಗೊತ್ತಾಗುವುದಿಲ್ಲ. ಓರಾಯನ್ ಮಾಲಿನ ಅಂಗಡಿಯಲ್ಲಿ ನೋಡಿದ ಬ್ಯಾಗು, ಮೂರು ಸಲ ಬೆಲೆ ಚೀಟಿ ತಿರುಗಿಸಿ ನೋಡಿದ್ದು – ಇದು ಆಸೆ. ಮೋಹನನ ಆಸೆ ನಮಗೆ ಅರ್ಥವಾಗುವುದು ಅದಕ್ಕೆ ತೋಟ, ಆಸ್ತಿ ಎಂಬ ಆಕಾರ ಇರುವುದರಿಂದ.

ಎರಡು: ದೋಷಕ್ಕೆ ಖರ್ಚಿರಲಿ. ಬ್ಯಾಗನ್ನು ಇಎಂಐನಲ್ಲಿ ಕೊಂಡರೆ ತಿಂಗಳ ಕೊನೆಯಲ್ಲಿ ಏನು ಬಿಟ್ಟಳು? ಮಧ್ಯಾಹ್ನದ ಊಟವೋ, ತಮ್ಮನ ಟ್ಯೂಷನ್ನಿಗೆ ಕೊಡುತ್ತೇನೆ ಅಂದ ದುಡ್ಡೋ? ಖರ್ಚಿಲ್ಲದ ದೋಷ ಬರೀ ಅಲಂಕಾರ. ಆದರೆ ಖರ್ಚು ಬೇರೆ, ಶಿಕ್ಷೆ ಬೇರೆ. ಖರ್ಚು ಕಥೆಯ ಒಳಗಿನಿಂದ ಬರುತ್ತದೆ. ಶಿಕ್ಷೆಯನ್ನು ಸಂಪಾದಕರು ಹೊರಗಿನಿಂದ ತಂದು ಹಾಕುತ್ತಾರೆ. ಇದು ನಮ್ಮ ಅನುಭವ.

ಮೂರು: ಯಾರು ನಗುತ್ತಿದ್ದಾರೆ ಅಂತ ನೋಡಿಕೊಳ್ಳಿ. ನಾಯಕಿ ತನ್ನನ್ನು ನೋಡಿ ನಕ್ಕರೆ ಓದುಗ ಅವಳ ಪಕ್ಕ ಕೂರುತ್ತಾನೆ. ಕಥೆಗಾರ ಅವಳನ್ನು ನೋಡಿ ನಕ್ಕರೆ ಓದುಗ ಎದುರಿನ ಬೆಂಚಿನಲ್ಲಿ ಕೂರುತ್ತಾನೆ. ‘ಮೇಕಪ್ ಹಾಕಿದ ಹುಡುಗಿ’, ‘ಸೆಲ್ಫಿ ಹುಡುಗಿ’ ಅಂತ ನಮ್ಮ ಸ್ಕಿಟ್‌ಗಳಲ್ಲಿ ಬರುವ ಪಾತ್ರಗಳೆಲ್ಲ ಈ ಎರಡನೇ ಬಗೆ.

ನಾಲ್ಕು: ಗಂಡನ್ನು ಬಹುಮಾನವಾಗಿ ಕೊಡಬೇಡಿ. ಒಳ್ಳೆಯವಳಾದದ್ದಕ್ಕೆ ಹುಡುಗ, ಕೆಟ್ಟವಳಾದದ್ದಕ್ಕೆ ಕಣ್ಣೀರು ಎಂಬ ಅಂಕಪಟ್ಟಿ ಬೇಡ. ‘ಬೆಳ್ಳಿಮೋಡ’ದ ಇಂದಿರಾ ಬಹುಮಾನ ಮನೆ ಬಾಗಿಲಿಗೆ ಬಂದಾಗ ಬೇಡ ಅಂದವಳು, ಅದಕ್ಕೇ ಇವತ್ತಿಗೂ ನೆನಪಿದ್ದಾಳೆ.

7. ಮತ್ತೆ ಆ ಕಥೆಗೆ

ಹಾಗಂತ ನಮ್ಮ ಜೂನಿಯರ್ ಕಥೆಯಲ್ಲಿ ಕೊರತೆಯೇ ಇರಲಿಲ್ಲ ಅಂತಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ ಎರಡಿದ್ದವು. ಆ ಸಹೋದ್ಯೋಗಿ ಹುಡುಗ ಬರೀ ಕಾರು ಓಡಿಸುತ್ತಾನೆ, ಅವನಿಗೆ ಒಂದು ಮುಖವಿಲ್ಲ. ಅವನೂ ಎಲ್ಲಿಯದೋ ಸುಳ್ಳು ಹೇಳುತ್ತಿರಬಹುದಲ್ಲ? ಎರಡನೆಯದು, ಅಮ್ಮ ಬಾಗಿಲಲ್ಲಿ ನಿಂತು ಒಂದೇ ಮಾತಾಡುತ್ತಾರೆ. ಕೆಂಗೇರಿಯ ಮನೆಯ ಒಳಗೆ ನಾವು ಹೋಗಲೇ ಇಲ್ಲ. ಅವಳು ಮುಚ್ಚಿಟ್ಟದ್ದು ಏನು ಅಂತ ಗೊತ್ತಾಗಬೇಕಾದರೆ ಒಂದು ನಿಮಿಷ ಒಳಗೆ ಕೂರಬೇಕಿತ್ತು. ಕಳೆದ ವರ್ಷ ನಾವು ಹೇಳಬೇಕಾಗಿದ್ದ ಮಾತುಗಳು ಇವು. ಅದರ ಬದಲು ನೀತಿಪಾಠ ಕೇಳಿದೆವು.

ಈ ಪಾಠ ಬರೆಯುವ ಮುಂಚೆ ನಾವು ಅವರನ್ನು ಭೇಟಿ ಮಾಡಿ ಕ್ಷಮೆ ಕೇಳಿದೆವು, ಕಥೆಯ ಸಾರ ಇಲ್ಲಿ ಹೇಳಲು ಒಪ್ಪಿಗೆಯನ್ನೂ ಪಡೆದೆವು. ‘ಕಥೆ ಇಲ್ಲಿ ಹಾಕ್ತೀವಿ, ಕೊಡ್ತೀರಾ?’ ಅಂತ ಕೇಳಿದಾಗ ಅವರು ಸ್ವಲ್ಪ ಯೋಚಿಸಿ, ‘ನೋಡೋಣ. ಈಗ ಅವಳಿಗೆ ಪ್ರಮೋಷನ್ ಆಗಿದೆ, ಸುಳ್ಳು ಇನ್ನೂ ದೊಡ್ಡದಾಗಿದೆ’ ಅಂದರು. ಅಂದರೆ ಬರೆಯುವುದನ್ನು ನಿಲ್ಲಿಸಿರಲಿಲ್ಲ, ನಮಗೆ ಕೊಡುವುದನ್ನು ನಿಲ್ಲಿಸಿದ್ದರು. ಕೊಡಲೇಬೇಕು ಅಂತ ನಾವು ಒತ್ತಾಯ ಮಾಡಿಲ್ಲ.

ಅಭ್ಯಾಸ

ಮುಂದಿನ ಸಂಚಿಕೆಗೆ ಎಲ್ಲರಿಗೂ ಒಂದು ಕೆಲಸ. ‘ಬೆಳ್ಳಿಮೋಡ’ದ ಇಂದಿರಾ ಮತ್ತು ಮೋಹನರನ್ನು ಇವತ್ತಿನ ಬಸವೇಶ್ವರನಗರಕ್ಕೆ ತನ್ನಿ. ತೋಟದ ಬದಲು ಮೂರಂತಸ್ತಿನ ಬಾಡಿಗೆ ಮನೆ ಇರಲಿ, ಹೊರದೇಶದ ಓದಿಗೆ ಮಾವನ ಬದಲು ಬ್ಯಾಂಕಿನ ಸಾಲ ಇರಲಿ. ಒಂದೇ ಷರತ್ತು: ಇಂದಿರಾಳಿಗೆ ಒಂದು ದೋಷ ಕೊಡಿ, ಅದನ್ನು ಅವಳ ಬಾಯಿಂದಲೇ ಹೇಳಿಸಿ. 300 ಪದ ಸಾಕು. ಹುಡುಗರೂ ಬರೆಯಬೇಕು, ಅವರು ಬರೆದದ್ದನ್ನು ಮೊದಲು ತರಗತಿಯ ಇಬ್ಬರು ಹುಡುಗಿಯರಿಗೆ ಓದಲು ಕೊಟ್ಟು, ಅವರು ಎಲ್ಲಿ ನಕ್ಕರು, ಎಲ್ಲಿ ಮುಖ ಗಂಟಿಕ್ಕಿದರು ಅಂತ ಗುರುತು ಹಾಕಿಕೊಂಡು ನಮಗೆ ಕಳಿಸಬೇಕು.

ಈ ಸಲ ನಾವು ಸಂದೇಶ ಕೇಳುವುದಿಲ್ಲ.